ದಂಡೆಯಲ್ಲಿ ಸಿಕ್ಕ ರಾಣಿ ರೂಪಾಯಿ

ದಡ್ಡಿ, ತಾ. ಹುಕ್ಕೇರಿ
18 ಫೆಬ್ರವರಿ 2025

ಲಕ್ಷ್ಮೀಯ ಅಪ್ಪನವರಿಗೆ,

ನಮಸ್ಕಾರ. ಕೂಸು ಆರಾಮ ಇದ್ದಾಳೆ, ಅತ್ತೆಯವರೂ ಆರಾಮ. ನನ್ನದನ್ನು ಬರೆಯುವುದಿಲ್ಲ. ಹದಿನೈದು ದಿನದಿಂದ ನಾನು ಫೋನ್ ಎತ್ತುತ್ತಿಲ್ಲ ಎಂದು ಅತ್ತೆಯವರ ಹತ್ತಿರ ದೂರಿದಿರಂತೆ. ನಿಮ್ಮ ದನಿ ಕೇಳಲು ನನಗೆ ಮನಸ್ಸಿಲ್ಲ. ಅದಕ್ಕೇ ಈ ಪತ್ರ, ನೀವು ಈಗಿರುವ ಮೂಡಲಗಿಯ ಕಾಲುವೆ ಕೆಲಸದ ವಿಳಾಸಕ್ಕೆ.

ದೀಪಾವಳಿಗೆ ಕೊಂಕಣದಿಂದ ಬಂದಾಗ ಆ ಬೆಳ್ಳಿ ರೂಪಾಯಿ ತಂದಿರಿ. ಒಂದು ಮಗ್ಗುಲಿಗೆ ರಾಣಿಯ ಮುಖ. ಸಮುದ್ರದ ದಂಡೆಯಲ್ಲಿ ಲಾಡ್ಜ್ ಕಟ್ಟಲು ಜೆಸಿಬಿಯಿಂದ ಮರಳು ತೆಗೆಯುವಾಗ ಸಿಕ್ಕಿತು, ಕಡಲ್ಗಳ್ಳರು ಬ್ರಿಟಿಷರ ಹಡಗು ಸುಲಿದು ಹೂತಿಟ್ಟ ಖಜಾನೆ ಎಂದಿರಿ. ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಓಣಿಯವರಿಗೆಲ್ಲ ತೋರಿಸಿದೆ. ಹುಕ್ಕೇರಿಯ ಪತ್ತಾರರ ಅಂಗಡಿಯಲ್ಲಿ ಕೊಂಡಿ ಬೆಸೆಸಿ ಕೂಸಿನ ಕೊರಳಿಗೆ ಕಟ್ಟಿದೆ. ಹಲ್ಲು ಬರುವ ಹೊತ್ತು; ಇಡೀ ದಿನ ಅದನ್ನು ಚೀಪುತ್ತಿದ್ದಳು.

ಹದಿನೈದು ದಿನದ ಹಿಂದೆ, ನಿಮ್ಮ ಜೊತೆ ಅಲ್ಲಿ ಟಿಪ್ಪರ್ ಓಡಿಸುತ್ತಿದ್ದ ಕಣಗಲಾದ ಶುಭಮ್ ಬಂದಿದ್ದ. ಚಹಾ ಕುಡಿಯುತ್ತಿದ್ದವನು ಕೂಸನ್ನು ನೋಡಿ ಬಟ್ಟಲು ಕೆಳಗಿಟ್ಟ. "ವೈನಿ, ಮೊದಲ ಅದನ್ನ ಕೂಸಿನ ಬಾಯಾಗಿಂದ ತಗೀರಿ. ಮಾಲಿಂಗಣ್ಣ ನಿಮಗ ಖರೆ ಹೇಳಿಲ್ಲ," ಅಂದ. ಏನು ಖರೆ ಎಂದು ಕೇಳಿದೆ. ನಾನು ಬಿಡಲಿಲ್ಲ. ಕೊನೆಗೆ ಫೋನಿನಲ್ಲಿದ್ದ ವಿಡಿಯೋ ತೋರಿಸಿದ.

ಮರಳಿನಲ್ಲಿ ತೆಂಗಿನಕಾಯಿಯಷ್ಟು ತಲೆಬುರುಡೆ. ಅದರ ದವಡೆಯೊಳಗೆ ನೀವು ಬೆರಳು ಹಾಕಿದ್ದೀರಿ. "ಬಾಯಿ ತಗೀ ತಂಗಿ, ನಿನ್ನ ಖಜಾನಿ ಎಲ್ಲಿಟ್ಟಿ?" ಎಂದು ನಗುತ್ತಿದ್ದೀರಿ. ಆ ನಗೆ ನನಗೆ ಗೊತ್ತು. ಲಕ್ಷ್ಮೀಯನ್ನು ಆಡಿಸುವಾಗಲೂ ನೀವು ಹಾಗೇ ನಗುತ್ತೀರಿ. ಆಮೇಲೆ ಆ ರೂಪಾಯಿ ಹೊರತೆಗೆದು, ಎಲುಬುಗಳನ್ನು ಜೆಸಿಬಿಯಿಂದ ಬಾಚಿ ನೀರಿಗೆ ಸುರಿದಿರಿ.

ಉಪ್ಪುನೀರಿನಿಂದ ಕೂಸಿನ ಬಾಯಿ ತೊಳೆದೆ, ಮತ್ತೆ ತೊಳೆದೆ. ಅವಳು ಅಳುತ್ತಿದ್ದಳು, ನನ್ನ ಕೈ ನಿಲ್ಲಲಿಲ್ಲ. ನಿಮ್ಮ ಅಪ್ಪ ಸತ್ತೆಪ್ಪ ಮಾವನವರನ್ನು ಹೊಲದ ಬದುವಿನಲ್ಲಿ ಹೂತಿದ್ದೇವೆ. ಆ ಜಾಗದ ಮೇಲೆ ಕುರಿ ಹಾಯಲೂ ನೀವು ಬಿಡುವುದಿಲ್ಲ. ಬೇರೆಯವರ ಕೂಸಿಗೆ ಮಣ್ಣು ಬೇಡವೇ?

ಗೋಕಾಕಿನ ಅಕ್ಕನ ಮನೆಗೆಂದು ಅತ್ತೆಯವರಿಗೆ ಸುಳ್ಳು ಹೇಳಿ, ಕೂಸನ್ನು ಎತ್ತಿಕೊಂಡು ಸಂಕೇಶ್ವರದಲ್ಲಿ ಸಾವಂತವಾಡಿಯ ಬಸ್ಸು ಹತ್ತಿದೆ. ಶುಭಮ್ ಹೇಳಿದ ಗುರುತಿನ ಮೇಲೆ ದಂಡೆ ಸಿಕ್ಕಿತು. ಅರ್ಧ ಜಾಗವನ್ನು ಆಗಲೇ ಕಾರು ನಿಲ್ಲಿಸಲು ಸಮ ಮಾಡಿದ್ದಾರೆ. ಬಾಜೂದಲ್ಲಿ ಮೀನು ಒಣಗಿಸುತ್ತಿದ್ದ ಒಬ್ಬ ಮುದುಕಿಯನ್ನು ನನ್ನ ಹರಕು ಮರಾಠಿಯಲ್ಲಿ ಕಡಲ್ಗಳ್ಳರ ಬಗ್ಗೆ ಕೇಳಿದೆ. ಅವಳು ಮರಳಿಗೆ ಉಗುಳಿದಳು. ಆ ಕಥೆ ಹಬ್ಬಿಸಿದವನು ಗುತ್ತಿಗೆದಾರನಂತೆ. ಖಜಾನೆ ಎಂದರೆ ಯಾರೂ ಅಗೆಯುವುದಕ್ಕೆ ಹೇಸುವುದಿಲ್ಲವಲ್ಲ. ಅದು ಕೂಸುಗಳನ್ನು ಹೂಳುವ ಜಾಗ. ಅವಳ ಅಜ್ಜಿ ಚಿಕ್ಕವಳಿದ್ದಾಗ ಕಾಲರಾ ಬಂದು, ಒಂದೇ ವಾರದಲ್ಲಿ ಎಷ್ಟೋ ಕೂಸುಗಳನ್ನು ಅಲ್ಲಿ ಮಣ್ಣು ಮಾಡಿದರಂತೆ. ಇದ್ದವರು ಬಾಯಲ್ಲಿ ಒಂದು ರೂಪಾಯಿ ಇಟ್ಟರು, ಇಲ್ಲದವರು ಕವಡೆ ಇಟ್ಟರು.

ರೂಪಾಯಿಯನ್ನು ಅವಳ ಕೈಗೆ ಕೊಟ್ಟೆ. ಕೊಂಡಿ ನೋಡಿದಳು, ಆಮೇಲೆ ನನ್ನ ಕಂಕುಳಲ್ಲಿದ್ದ ಲಕ್ಷ್ಮೀಯನ್ನು ನೋಡಿದಳು. ಇನ್ನೂ ಅಗೆಯದ ಒಂದು ತುಂಡು ಉಳಿದಿದೆ. ಅಲ್ಲಿ ಇಬ್ಬರೂ ಸೇರಿ ಅದನ್ನು ಹೂತೆವು. ಆ ತುಂಡನ್ನಾದರೂ ಉಳಿಸಿಕೊಳ್ಳಬೇಕು, ವಿಡಿಯೋ ಕೊಡಿ ಎಂದು ಅವಳ ಮಗ ಕೇಳಿದ. ಶುಭಮ್‌ನಿಂದ ನನ್ನ ಫೋನಿಗೆ ಹಾಕಿಸಿಕೊಂಡಿದ್ದೆ. ಕೊಟ್ಟೆ.

ಮೊನ್ನೆ ಆ ಮುದುಕಿಯ ಮಗನ ಫೋನ್ ಬಂತು. ಪೊಲೀಸರು ಕೆಲಸ ನಿಲ್ಲಿಸಿದ್ದಾರಂತೆ. ಇವತ್ತಲ್ಲ ನಾಳೆ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ವಿಡಿಯೋದಲ್ಲಿನ ದನಿ ಯಾರದೆಂದು ಕೇಳಿದರೆ ನಾನು ಹೇಳುತ್ತೇನೆ. ಅದಕ್ಕೂ ಮೊದಲು ನೀವೇ ಹೋಗಿ ಹೇಳಿರಿ. ಅಲ್ಲಿಯವರೆಗೆ ಮನೆಗೆ ಬರಬೇಡಿ. ಆ ಕೈಯಿಂದ ಕೂಸನ್ನು ಎತ್ತಿಕೊಳ್ಳುವುದನ್ನು ನಾನು ನೋಡಲಾರೆ.

ಇಷ್ಟೇ.
ಸುವರ್ಣಾ

ತಾ.ಕ.: ಆ ಮುದುಕಿಗೆ ಒಂದು ಮಾತು ಹೇಳಲು ನನಗೆ ಬಾಯಿ ಬರಲಿಲ್ಲ. ಹಬ್ಬ ಮುಗಿಸಿ ವಾಪಸು ಹೋದ ಮೇಲೆ ನೀವು ಇನ್ನೂ ಮೂರು ಗುಣಿ ಅಗೆದಿರಿ ಎಂದು ಶುಭಮ್ ಅಂದ. ನಿಮ್ಮನ್ನು ಬಸ್ಸಿಗೆ ಕಳಿಸುವಾಗ, "ಇನ್ನೊಂದು ಸಿಕ್ಕರ ತಗೊಂಡ ಬರ್ರಿ, ಜೋಡಿ ಆಗಲಿ" ಎಂದವಳು ನಾನೇ.