ಮುಟ್ಟದೆ ಹಾಕಿದ ಸೂಜಿ

ಮೀಂಜ
೧೪ ಜುಲೈ ೨೦೨೪

ಪ್ರೀತಿಯ ವಸುಮತಿ ಅಕ್ಕನಿಗೆ ತಂಗಿ ದಮಯಂತಿಯ ನಮಸ್ಕಾರಗಳು.

ನಿನ್ನ ಗಂಟುನೋವು ಹೇಗುಂಟು? ಮೀಂಜದಿಂದ ನೆಕ್ರಾಜೆಯೇನು ದೂರವೇ, ಒಂದು ಫೋನಾದರೂ ಬೇಡವೇ ಎಂದು ನೀನು ಬೈದಿರುತ್ತೀ. ಬೈದುಕೋ. "ಕೇಸಿನ ವಿಷಯ ಫೋನಿನಲ್ಲಿ ಬೇಡ ಅಮ್ಮ, ವಾಟ್ಸಾಪಿನಲ್ಲಂತೂ ಬೇಡವೇ ಬೇಡ" ಎಂದು ವಕೀಲರು ಹರಿನಾಥರು ಹೇಳಿದ್ದಾರೆ. ದಮ್ಮಯ್ಯ, ಓದಿದ ಮೇಲೆ ಇದನ್ನು ಒಲೆಗೆ ಹಾಕು.

ನಮ್ಮ ಮನೆಯವರ ಎಡಭುಜ ಹಾಗೆಯೇ ಉಂಟು. ಬಲಗೈಯಲ್ಲಿ ಆರತಿ ಎತ್ತಿದರೆ ಗಂಟೆ ಹಿಡಿದ ಎಡಗೈ ಎದೆಯ ಮಟ್ಟಕ್ಕೂ ಬರುವುದಿಲ್ಲ. ಉತ್ಸವದ ಬಲಿಮೂರ್ತಿಯನ್ನು ತಲೆಯ ಮೇಲೆ ಹೊತ್ತು ಸುತ್ತು ಬರುತ್ತಿದ್ದವರು ಈಗ ಮೂಲೆಯಲ್ಲಿ ನಿಂತು ನೋಡುತ್ತಾರೆ. ದೇವಸ್ಥಾನದವರು ಬೇರೆ ಭಟ್ಟರನ್ನು ಹುಡುಕುತ್ತಿದ್ದಾರಂತೆ. ಪೂಜೆ ಬಿಟ್ಟರೆ ಇವರಿಗೆ ಬೇರೆ ಎಂತ ಗೊತ್ತುಂಟು, ಹೇಳು. ಪರಿಹಾರ ಸಿಕ್ಕಿದರೆ ಆಪರೇಷನ್ನಾದರೂ ಮಾಡಿಸಬಹುದು. ಕೇಸಿನ ಬಗ್ಗೆ ನನ್ನಲ್ಲಿ ಇವರು ಮಾತೇ ಎತ್ತುವುದಿಲ್ಲ.

ಕೊರೊನಾ ಸಮಯದಲ್ಲಿ ನಮ್ಮ ದೇವಸ್ಥಾನದ ಸಭಾಭವನದಲ್ಲಿ ಖಾಸಗಿ ಆಸ್ಪತ್ರೆಯವರು ಲಸಿಕೆಯ ಸೂಜಿ ಹಾಕಿದ್ದು ನೆನಪುಂಟಲ್ಲ? ಮದ್ದಿನದ್ದೇನೂ ತಪ್ಪಿಲ್ಲ, ಸೂಜಿ ತುಂಬ ಮೇಲೆ ಬಿದ್ದು ಭುಜದ ಗಂಟಿನೊಳಗೆ ಹೋಗಿದೆ ಎಂದು ದೊಡ್ಡ ಡಾಕ್ಟರು ಹೇಳಿದರು. ನರ್ಸು ತೋಳು ಹಿಡಿದು, ಜಾಗ ಮುಟ್ಟಿ ನೋಡಿ ಹಾಕಬೇಕಿತ್ತಂತೆ. ಅದರ ಮೇಲೆಯೇ ನಮ್ಮ ಕೇಸು ನಿಂತಿರುವುದು.

ಮುಟ್ಟಲು ರೋಗಿಯೇ ಬಿಡಲಿಲ್ಲ ಎಂದು ಆಸ್ಪತ್ರೆಯವರು ಈಗ ಉತ್ತರ ಕೊಟ್ಟಿದ್ದಾರೆ. ಬರುವ ೨೩, ಮಂಗಳವಾರ ಕಾಸರಗೋಡಿನ ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳಬೇಕು.

ಅಕ್ಕಾ, ನಾನು ಅಲ್ಲಿಯೇ ಇದ್ದೆ. ಮಧ್ಯಾಹ್ನದ ಪೂಜೆ ಬಾಕಿ ಇತ್ತು. ಇವರು ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ಬಂದು ಕುಳಿತರು. ಆ ನರ್ಸು ಹುಡುಗಿ ಕೈ ಮುಂದೆ ಮಾಡಿದ್ದೇ ತಡ, "ಮುಟ್ಟಬೇಡ, ಮಡಿಯಲ್ಲಿದ್ದೇನೆ. ಸೂಜಿ ಮಾತ್ರ ತಾಗಲಿ" ಎಂದರು. ಅವಳು, "ಹಾಗೆ ಆಗುದಿಲ್ಲ ಭಟ್ರೇ, ಒಮ್ಮೆ ಹಿಡಿಲಿಕ್ಕೆ ಬಿಡಿ" ಎಂದು ಎರಡೆರಡು ಸಲ ಕೇಳಿದಳು. ಇವರು ಗದರಿದರು. ಹಿಂದೆ ಜನ ಸಾಲುಗಟ್ಟಿದ್ದರು. ಪಾಪ, ಹೆದರಿ, ದೂರದಲ್ಲೇ ನಿಂತು ಮೇಲಿನಿಂದ ಚುಚ್ಚಿದಳು.

ಅವಳ ಹೆಸರು ವಿಜೇತಾ, ಕುಂಜತ್ತೂರಿನವಳು. ಕೇಸು ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದು ಆಸ್ಪತ್ರೆಯವರು ಹೇಳಿದ್ದಾರಂತೆ. ಮೊನ್ನೆ ನಮ್ಮ ಅಂಗಳಕ್ಕೆ ಬಂದಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ. "ಅಮ್ಮ, ನೀವು ಕೇಳಿದ್ದೀರಿ ಅಲ್ವಾ? ಅಷ್ಟು ಹೇಳಿದರೆ ಸಾಕು" ಎಂದಳು. ನೀರು ತರುತ್ತೇನೆ ಎಂದು ನಾನು ಒಳಗೆ ಹೋದೆ, ಮಾರಾಯ್ತಿ. ಈಗ ವ್ಯಾಯಾಮ ಮಾಡಿಸಲು ಬರುವ ಹುಡುಗಿ ದಿನಾ ಇವರ ಭುಜ ಹಿಡಿದು ಎತ್ತುತ್ತಾಳೆ. ಇವರು ಚಕಾರ ಎತ್ತುವುದಿಲ್ಲ.

ವಕೀಲರು ಹೇಳುವುದು ಇಷ್ಟೇ: "ನೀವು ದೂರ ಇದ್ದಿರಿ, ಎಂತದೂ ಕೇಳಿಸಲಿಲ್ಲ. ಅಷ್ಟೇ ಹೇಳಿ." ನಿಜ ಹೇಳಿದರೆ ಇವರ ಕೈ ಹೋಯಿತು, ಮಾನವೂ ಹೋಯಿತು. ಈ ಕಾಲದಲ್ಲಿ ಮುಟ್ಟಬೇಡ ಎಂದವರನ್ನು ಊರು ಸುಮ್ಮನೆ ಬಿಡುತ್ತದೆಯೇ? ಸುಳ್ಳು ಹೇಳಿದರೆ ಆ ಹುಡುಗಿಯ ಅನ್ನ ಹೋಯಿತು. ನೀನಾದರೆ ಎಂತ ಮಾಡುತ್ತಿದ್ದಿ ಅಕ್ಕಾ?

ಭಾವನಿಗೆ ನಮಸ್ಕಾರ, ಮಕ್ಕಳಿಗೆ ದೇವರು ಒಳ್ಳೆಯದು ಮಾಡಲಿ. ನಿನ್ನ ಆಶೀರ್ವಾದ ನನಗಿರಲಿ.

ನಿನ್ನ ತಂಗಿ,
ದಮಯಂತಿ

ಮರೆತ ಮಾತು: ಇವರು ಮಾತೇ ಎತ್ತುವುದಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಇವತ್ತು ಬೆಳಿಗ್ಗೆ ಪೂಜೆಗೆ ಹೊರಟು ಬಾಗಿಲಲ್ಲಿ ನಿಂತರು. ಮುಖ ಬೇರೆ ಕಡೆ ಇತ್ತು. "ನೀನು ಆ ದಿನ ಅಲ್ಲಿ ಇರಲೇ ಇಲ್ಲ ಅಲ್ವಾ?" ಎಂದರು. ಹೌದು, ಇರಲಿಲ್ಲ ಎಂದೆ. ಅಷ್ಟು ಕೇಳಿಕೊಂಡು ದೇವರ ಪೂಜೆಗೆ ಹೋದರು. ಬಂದು ಎಂದಿನಂತೆ ತೀರ್ಥ ಕೊಡಲು ಕೈ ಚಾಚಿದರು. ತೆಗೆದುಕೊಳ್ಳಲು ನನಗೆ ಹೆದರಿಕೆಯಾಯಿತು ಅಕ್ಕಾ.