ನಡುಗೋಡೆಯ ಮೇಲಿನ ತಾರೀಕು

೧೨ ಏಪ್ರಿಲ್ ೧೯೯೮, ಭಾನುವಾರ

ಇವತ್ತೂ ಮಣ್ಣು ಹೊತ್ತೆ. ಇಲ್ಲಿಯಾದರೂ ಬರೆದುಬಿಡುತ್ತೇನೆ — ನಡುಗೋಡೆಯ ಸಿಮೆಂಟ್ ಪಟ್ಟಿ ಹಳೆಯದಲ್ಲ. ಬಳಿದವನು ನಾನು. ಎರಡು ತಿಂಗಳಾಯಿತು, ಯಾರಿಗೂ ಹೇಳಿಲ್ಲ.

ನಮ್ಮದೂ ಗಿರಿಜಾಂಬಾ ಟೀಚರದೂ ಜೋಡಿ ಮನೆ. ನಡುವೆ ಒಂದೇ ಗೋಡೆ. ಅಪ್ಪನಿಗೆ ಹಿಂದುಗಡೆ ಇನ್ನೆರಡು ಕೋಣೆ ಬೇಕು. ಇಳಿಜಾರಿನಲ್ಲಿ ಪಾಯ ತೋಡಿದ್ದೇ ತಡ, ಗೋಡೆ ಬಿರಿಯಿತು. ಟೀಚರ್ ಮಲಗುವ ಕಡೆ ಗುರುವಯ್ಯ ಮೇಸ್ತ್ರಿ ಬಿರುಕಿಗೆ ಅಡ್ಡ ಸಿಮೆಂಟ್ ಪಟ್ಟಿ ಬಳಿದು, ಹಸಿಯಲ್ಲೇ ಮೊಳೆಯಿಂದ ತಾರೀಕು ಗೀರಿದರು. ೨-೨-೯೮.

"ಇದು ಒಡೆದ್ರೆ ಗೋಡೆ ಇನ್ನೂ ಜರೀತಿದೆ ಅಂತ. ಆಮೇಲೆ ಗುದ್ದಲಿ ಮುಟ್ಟಬಾರ್ದು ನೋಡಿ."

ಒಂಬತ್ತೇ ದಿನಕ್ಕೆ ಒಡೆಯಿತು. ಟೀಚರ್ ಸಂತೆಗೆ ಹೋಗಿದ್ದರು. ಬೀಗದಕೈ ನಮ್ಮಲ್ಲೇ ಇಡುತ್ತಾರೆ.

"ಕೆರೆದು ಹೊಸದು ಬಳಿ. ತಾರೀಕು ಅದೇ ಇರ್ಲಿ," ಅಂದರು ಅಪ್ಪ.

ಬಳಿದೆ. ಪಿಯುಸಿ ಬಿಟ್ಟವನು ಕಲಿತ ಮೊದಲ ಕಸುಬು.

೨೯ ಏಪ್ರಿಲ್

ಮೂರನೆಯ ಸಲ ಬಳಿದೆ. ನಮ್ಮ ಕಡೆ ಬಿರುಕಿಗೆ ಬೆರಳು ಹೋಗುತ್ತದೆ. ಅಪ್ಪ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದಾರೆ.

ಟೀಚರ್ ಕಾಫಿ ಕೊಟ್ಟರು. "ಫೆಬ್ರವರಿಯಿಂದ ಗೋಡೆ ಅಲ್ಲಾಡಿಲ್ಲ ಕಣೋ. ನಿಮ್ಮ ಮೇಸ್ತ್ರಿ ಗಟ್ಟಿಗ."

ಅವರ ಮಂಚ ಆ ಗೋಡೆಗೇ ತಾಗಿದೆ...

೨೧ ಮೇ, ಸಂಜೆ

ಮೊದಲ ದೊಡ್ಡ ಮಳೆ. ಟೀಚರ್ ಹತ್ತಿರ ಹೋಗಿ ಹೇಳಿದೆ. ಎಲ್ಲ.

ಬೈಯಲಿಲ್ಲ. ತಾರೀಕಿನ ಮೇಲೆ ಬೆರಳಾಡಿಸಿದರು. "ನಿಂಗೆ ಅಕ್ಷರ ತಿದ್ದಿಸಿದೋಳು ನಾನು. ನಿನ್ನ ಬರಹ ನಂಗೇ ಗುರ್ತಾಗ್ಲಿಲ್ವಲ್ಲ ಮಾರಾಯ."

ಎಲ್ಲ ಕೇಳಿಸಿಕೊಂಡಿದ್ದ ಅಪ್ಪ ಅಂಗಳದಿಂದಲೇ — "ಬಂದ ನೋಡಿ ಹರಿಶ್ಚಂದ್ರ! ನಾಳೆಯಿಂದ ಸತ್ಯಾನೇ ಬೇಯಿಸ್ಕೊಂಡು ತಿನ್ನು!"

೨೮ ಜೂನ್

ಟೀಚರ್ ಕಳಸಕ್ಕೆ, ತಂಗಿಯ ಮನೆಗೆ ಹೊರಟುಹೋದರು. ಬಿರುಕುಬಿಟ್ಟ ಅರ್ಧ ಮನೆಯನ್ನು ಬೇರೆ ಯಾರು ಕೊಳ್ಳುತ್ತಾರೆ? ಅಪ್ಪನಿಗೇ ಬರೆದುಕೊಟ್ಟರು. ಅಪ್ಪ ಹೇಳಿದ ರೇಟಿಗೆ. ಜೀಪು ಹತ್ತುವಾಗ ನನ್ನ ಕಡೆ ನೋಡಲಿಲ್ಲ.

ಊಟಕ್ಕೆ ಅಪ್ಪನೇ ಕರೆದರು. ನನ್ನ ಜೊತೆ ಮಾತು ಬಿಟ್ಟು ತಿಂಗಳಾಗಿತ್ತು. ಬೆನ್ನು ತಟ್ಟಿದರು. "ನೀನು ಬಾಯಿಬಿಟ್ಟಿದ್ದೇ ಒಳ್ಳೇದಾಯ್ತು ಕಣೋ. ಇಲ್ದಿದ್ರೆ ಆಯಮ್ಮ ಹೆದರಿ ಮನೆ ಬಿಟ್ಟು ಏಳ್ತಿತ್ತಾ? ಗೋಡೆ ತೆಗೆದು ಒಂದೇ ಹಾಲ್ ಮಾಡೋಣ. ಮೊದಲ ಏಟು ನಿಂದು."

ಅನ್ನ ಬಿಟ್ಟು ಎದ್ದೆ.

೨೯ ಜೂನ್

ಹೊಡೆಯುವುದಿಲ್ಲ ಅಂದೆ. ಅಪ್ಪ ನಕ್ಕರು. ಬೇರೆ ಆಳು ಬರುತ್ತಾನಂತೆ.

ಬಣಕಲ್‌ನಿಂದ ಬೆಳಿಗ್ಗೆ ಆರೂವರೆಗೆ ಉಜಿರೆ ಬಸ್ಸು. ನಾಳೆ ಮನೆ ಬಿಟ್ಟು ಹೋಗುತ್ತೇನೆ.