ತೋಳದ ಕುಲದವರು ಗುದ್ದಲಿ ಮುಟ್ಟಬಾರದು

೧೯೬೪, ಆಗಸ್ಟ್ ೧೦, ಸೋಮವಾರ

ಬೂದಿ ನೀರಲ್ಲಿ ಕುದಿಸಿದ ಮೆಕ್ಕೆಜೋಳ ತೊಳೆಯುತ್ತಿದ್ದೆ. ಸಿಪ್ಪೆ ಇನ್ನೂ ಬಿಟ್ಟಿರಲಿಲ್ಲ. ಅಣೆಕಟ್ಟಿನ ಫೋರ್‌ಮನ್ ಬಂದ. ನೀರು ನುಗ್ಗುವ ಮುಂಚೆ ಗೋರಿಗಳನ್ನೆಲ್ಲ ಅಗೆದು ಗುಡ್ಡದ ಮೇಲಕ್ಕೆ ಸಾಗಿಸುತ್ತಾರಂತೆ. ಮುಂದಿನ ಸೋಮವಾರ ಯಂತ್ರ ಬರುತ್ತದಂತೆ. ನಮ್ಮ ಸೆನೆಕಾ ಬುಡಕಟ್ಟಿನ ಹಳೇ ಮುಖಂಡ, ಮುದುಕ ಕಾರ್ನ್‌ಪ್ಲಾಂಟರ್ ಗೋರಿಯೂ ಹೋಗುತ್ತದೆ. ಅದರ ಹಿಂದಿನ ಸಾಲಲ್ಲಿ ನನ್ನ ಅಮ್ಮ.

ಅಜ್ಜ-ಮುತ್ತಜ್ಜರ ಕಾಲದಲ್ಲಿ ಬಿಳಿಯರ ಮೇಲೆ ಯುದ್ಧ ಮಾಡಿದವನು ಅವನು, ಆಮೇಲೆ ಸಂಧಾನಕ್ಕೆ ಕೂತವನು. ಈ ನೆಲ ಎಂದೆಂದಿಗೂ ನಿನ್ನದು, ನಿನ್ನ ಸಂತಾನದ್ದು ಅಂತ ಸರಕಾರದವರೇ ಕೊಟ್ಟಿದ್ದರು. ಈಗ ಮಲಗಿದವನನ್ನೂ ಎಬ್ಬಿಸುತ್ತಾರೆ. ಥೂ!

ನೆಲ ಹೋಯಿತು. ತಡೆಯಲಾಗಲಿಲ್ಲ. ಆದರೆ ಯಂತ್ರ ಅವರನ್ನು ಮುಟ್ಟಕೂಡದು. ಬಿಡುವುದಿಲ್ಲ.

ಆಗಸ್ಟ್ ೧೧

ತಮ್ಮ ಮರ್ಲ್ ಗುದ್ದಲಿ ಹೊತ್ತು ಹೊರಟಿದ್ದ. ಗದರಿಸಿದೆ.

"ಬುದ್ಧಿ ಇದೆಯೇನೋ? ತೋಳದ ಕುಲದವರ ಗೋರೀನ ತೋಳದವರೇ ಅಗೀತಾರೇನೋ?"

"ಮತ್ತೆ ಯಾರಕ್ಕ? ನಿನ್ನ ಆರ್ಡಿತ್ ಬರ್ತಾಳಾ?" ಅಂತ ನಕ್ಕ.

ನಮ್ಮಲ್ಲಿ ಸಾವಾದರೆ ಎದುರು ಪಂಗಡದವರೇ ಅಗೆಯಬೇಕು, ಅವರೇ ಅಡುಗೆ ಮಾಡಬೇಕು. ಅವರಲ್ಲಾದರೆ ನಾವು. ದುಃಖದಲ್ಲಿರುವವರ ಕೈಗೆ ಗುದ್ದಲಿ ಕೊಡುವುದಿಲ್ಲ. ತೋಳಕ್ಕೆ ಜಿಂಕೆ ಕುಲ ಎದುರು ಪಂಗಡ; ಹತ್ತಿರದಲ್ಲಿ ಉಳಿದ ಜಿಂಕೆಯವರೆಂದರೆ ಆರ್ಡಿತ್ ಮನೆಯವರೇ. ಮುಳುಗಡೆಯವರಿಗೆ ಅಂತ ಸರಕಾರ ಕಟ್ಟಿಸಿದ ಹೊಸ ಮನೆಗೆ ಎಲ್ಲರಿಗಿಂತ ಮೊದಲು ಹಾರಿದವಳು. ಸಭೆಯಲ್ಲಿ ಅವಳನ್ನು "ಅಣೆಕಟ್ಟಿನವರ ಸೊಸೆ" ಅಂದಿದ್ದೆ. ಅಂದಿನಿಂದ ಮಾತಿಲ್ಲ. ಅಂದದ್ದು ತಪ್ಪು ಅಂತ ಈಗಲೂ ಅನಿಸುವುದಿಲ್ಲ.

ಆಗಸ್ಟ್ ೧೪

ಹೋದೆ.

"ಏನೇ, ದಾರಿ ತಪ್ಪಿ ಬಂದ್ಯಾ? ಇದು ಸೊಸೆ ಮನೆ ಕಣೇ!"

"ಗೊತ್ತು. ಅಮ್ಮನ್ನ ಎತ್ತಬೇಕು. ಮುದುಕನ್ನೂ. ಸೋಮವಾರ ನಿನ್ನ ಮಕ್ಕಳನ್ನ ಕಳಿಸು."

"ಅಬ್ಬಬ್ಬಾ, ಕೇಳೋಕೆ ಬಂದವಳ ಗತ್ತು ನೋಡು!"

"ಕೇಳೋಕೆ ಬಂದಿಲ್ಲ. ನಿಮ್ಮ ಕೆಲಸ ನಿಮಗೆ ನೆನಪು ಮಾಡೋಕೆ ಬಂದೆ."

ಬಾಗಿಲು ಹಾಕಿಕೊಂಡಳು. ದಾರಿಯುದ್ದಕ್ಕೂ ಬೈದುಕೊಂಡು ಬಂದೆ — ಅವಳನ್ನ, ನನ್ನನ್ನ. ಸ್ವಲ್ಪ ತಗ್ಗಬೇಕಿತ್ತೇನೋ...

ಆಗಸ್ಟ್ ೧೭, ಮಧ್ಯಾಹ್ನ

ಸ್ಮಶಾನದಲ್ಲೇ ಕೂತು ಬರೆಯುತ್ತಿದ್ದೇನೆ. ಬೆಳಿಗ್ಗೆ ಯಂತ್ರ ಬಂತು. ಅದರ ಮುಂದೆ ಕುರ್ಚಿ ಹಾಕಿ ಕೂತೆ.

"ಏಳಿ ಅಮ್ಮಾ. ಯಾರಿಗೆ ಕಾಯ್ತಿದೀರಿ?" ಅಂದ ಫೋರ್‌ಮನ್.

ಯಾರಾದರೂ ಬರುತ್ತಾರೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಆದರೂ ಏಳಲಿಲ್ಲ.

ಆಮೇಲೆ ಆರ್ಡಿತ್‌ಳ ಲಾರಿ ಬಂತು; ಕಂಡೊಡನೆ ಎದ್ದು ನಿಂತೆ. ಗಂಡುಮಕ್ಕಳು, ಗುದ್ದಲಿಗಳು, ಹಂಡೆ ತುಂಬ ಜೋಳದ ಸೂಪು. ಇಳಿದವಳೇ ಫೋರ್‌ಮನ್‌ಗೆ, "ಅದನ್ನ ಆಚೆ ನಿಲ್ಸಪ್ಪ. ಇದು ನಮ್ಮ ಕೆಲಸ," ಅಂದಳು. ನನ್ನ ಕಡೆ ತಿರುಗಿ, "ನೀನ್ಯಾಕೆ ಎದ್ದೆ? ಕೂತ್ಕೋ. ಅಳೋದು ನಿನ್ನ ಕೆಲಸ."

"ಅಳಲ್ಲ," ಅಂದೆ. ಕೂತೆ.

ಸಂಜೆ

ಮುದುಕನದು ಆಯಿತು. ಮರ್ಲ್ ಕೈಕಟ್ಟಿ ನಿಂತಿದ್ದ, ಪಾಪ. ಈಗ ಅಮ್ಮನ ಸಾಲು. ಆರ್ಡಿತ್ ಮಕ್ಕಳನ್ನು ಮೇಲೆ ಹತ್ತಿಸಿ ತಾನೇ ಗುಂಡಿಗೆ ಇಳಿದಳು. ಆ ಮಂಡಿನೋವು ಇಟ್ಟುಕೊಂಡು! ಬರಿಗೈಯಲ್ಲಿ ಮಣ್ಣು ಸರಿಸುತ್ತಿದ್ದಾಳೆ. ಅಮ್ಮನ ಜೊತೆ ಮೆಲ್ಲಗೆ ಏನೋ ಮಾತಾಡುತ್ತಿದ್ದಾಳೆ... ತಲೆಯೆತ್ತಿದಳು. ಕರೆಯುತ್ತಿದ್ದಾಳೆ.

"ಬಾರೇ ಇಲ್ಲಿ. ಅಮ್ಮನ ಜಡೆ ಇನ್ನೂ ಹಾಗೇ ಇದೆ, ನೋಡು —"